ಬ್ರೇಕಮ್ಮ ಎರಡು ಸಲ ಹೇಳಿದ ಸಾಕ್ಷಿ

ಅತ್ತೆಯನ್ನು ಹೊಗಳಿ ಬರೆಯಲು ಕೂತ ಅಳಿಯ ಅಂದರೆ ಓದುವವರು ಹುಬ್ಬೇರಿಸುತ್ತಾರೆ ಅಂತ ನನಗೆ ಗೊತ್ತು. ಏರಿಸಲಿ ಬಿಡಿ. ಮದುವೆಯಾದ ಹೊಸದರಲ್ಲಿ ನಮ್ಮಿಬ್ಬರದು ಎಣ್ಣೆ ಸೀಗೇಕಾಯಿ ಸಂಬಂಧವೇ ಆಗಿತ್ತು. ನಾನು ಕಾರು ಓಡಿಸುವಾಗ ಆಕೆ ಪಕ್ಕದಲ್ಲಿ ಕೂತರೆ ಸಾಕು, ನನಗೆ ರೇಗುತ್ತಿತ್ತು. ಆಕೆಯ ಬಲಗಾಲು ಸುಮ್ಮನಿರುತ್ತಿರಲಿಲ್ಲ. ಇಲ್ಲದ ಬ್ರೇಕನ್ನು ಹುಡುಕಿ ಹುಡುಕಿ ಒತ್ತುತ್ತಿತ್ತು. ಆ ಕಡೆಯ ಕಾಲೊರಸು ಸವೆದು ತೂತಾಗಿದೆ, ಬೇಕಿದ್ದರೆ ಬಂದು ನೋಡಿ.

ಆದರೆ ಅದು ಕಸುಬಿನ ಕಾಲು. ನಮ್ಮತ್ತೆಯದು ಡ್ರೈವಿಂಗ್ ಸ್ಕೂಲು. ಸ್ಕೂಲು ಅಂದರೆ ದೊಡ್ಡದೇನಲ್ಲ. ಝೆರಾಕ್ಸ್ ಅಂಗಡಿಯ ಪಕ್ಕ ಒಂದು ಕಿರುಕೋಣೆ, ಗೋಡೆಯಲ್ಲಿ ಬಣ್ಣ ಮಾಸಿದ ರಸ್ತೆ ಚಿಹ್ನೆಗಳ ಪಟ, ಎರಡು ಕುರ್ಚಿ, ಹೊರಗೆ ಒಂದು ಹಳೇ ಬಿಳಿ ಕಾರು. ಕಾರಿನಲ್ಲಿ ಕಲಿಯುವವರಿಗೊಂದು ಬ್ರೇಕು, ಪಕ್ಕದಲ್ಲಿ ಕೂರುವ ಆಕೆಗೊಂದು ಬ್ರೇಕು. ಆ ಎರಡನೇ ಬ್ರೇಕಿನಿಂದ ಊರಿನ ಎಷ್ಟೋ ಗೋಡೆಗಳು, ನಾಯಿಗಳು, ತಳ್ಳುಗಾಡಿಗಳು ಉಳಿದುಕೊಂಡಿವೆ. ಹಾಗಾಗಿ ಆಕೆ ಎಲ್ಲರ ಬಾಯಲ್ಲೂ ಬ್ರೇಕಮ್ಮ. ಆಕೆಗೆ ಆ ಹೆಸರಿನ ಮೇಲೆ ಬೇಜಾರಿಲ್ಲ, ಫೋನೆತ್ತಿದರೆ "ಬ್ರೇಕಮ್ಮ ಮಾತಾಡ್ತಿರೋದು" ಅಂತಲೇ ಅನ್ನುತ್ತಾರೆ.

ಕಲಿಸುವಾಗ ಬಾಯಿ ಮಾತ್ರ ಕತ್ತರಿ. "ಕನ್ನಡಿ ಇರೋದು ನಿಮ್ಮ ಮುಖ ನೋಡ್ಕೊಳ್ಳೋಕಲ್ಲ ತಾಯಿ, ಹಿಂದೆ ಬರೋನ ಮುಖ ನೋಡೋಕೆ." "ಕ್ಲಚ್ ಮೇಲಿಂದ ಕಾಲು ತೆಗೀರಿ ಸ್ವಾಮಿ, ಅದೇನು ಅತ್ತೆ ಮನೆ ಸೋಫಾನಾ?" ಈ ಎರಡನೇ ಮಾತು ಹುಟ್ಟಿದ್ದು ನನ್ನಿಂದಲೇ ಅಂತ ನನಗೆ ಬಲವಾದ ಅನುಮಾನ. ಇಷ್ಟಾದರೂ ಬೈಸಿಕೊಂಡವರೇ ತಮ್ಮ ತಂಗಿಯನ್ನು, ನಾದಿನಿಯನ್ನು ಕರೆತಂದು ಸೇರಿಸುತ್ತಾರೆ. ಗಂಡಸರು ನಗುತ್ತಾರೆ ಅಂತ ಬೇರೆ ಕಡೆ ಕಲಿಯಲು ಹೆದರಿದ ಹೆಂಗಸರೆಲ್ಲ ಬರುವುದು ಆಕೆಯ ಹತ್ತಿರವೇ.

ಒಂದು ಪದ್ಧತಿ ಇತ್ತು ಆಕೆಯದು. ಕಲಿಯುವವರು ಬಂದು ಸೀಟಿನಲ್ಲಿ ಕೂರಬೇಕು. ಕೀಲಿ ಆಕೆಯ ಮುಷ್ಟಿಯಲ್ಲಿರುತ್ತದೆ. ಎರಡು ಮಾತು ಆಡಿಸುತ್ತಾರೆ, ನಿದ್ದೆ ಆಯ್ತಾ, ಮಾತ್ರೆ ಏನಾದ್ರೂ ತಗೊಂಡ್ರಾ, ಮನೇಲಿ ಜಗಳವಾ ಅಂತ. ಕಣ್ಣು ನೋಡುತ್ತಾರೆ. ಆಮೇಲೆ ಕೀಲಿ. ಒಮ್ಮೆ ಬಟ್ಟೆ ಅಂಗಡಿ ಯಜಮಾನರೊಬ್ಬರು ಮಧ್ಯಾಹ್ನದ ಪಾರ್ಟಿ ಮುಗಿಸಿ ಸೀದಾ ಪಾಠಕ್ಕೆ ಬಂದರು. "ಸ್ವಲ್ಪವೇ ತಗೊಂಡಿರೋದು, ಕೊಡಮ್ಮ" ಅಂದರು. ಈಕೆ ಕೀಲಿ ಹಿಡಿದುಕೊಂಡು ಕಾರಿಂದಿಳಿದು ನಡೆದೇ ಮನೆಗೆ ಬಂದರು. ಆ ಯಜಮಾನರು ಕೂಗಾಡಿ ಕೂಗಾಡಿ ಅದೇ ಸೀಟಿನಲ್ಲಿ ಗೊರಕೆ ಹೊಡೆದರಂತೆ.

ಇಷ್ಟು ಕಟ್ಟುನಿಟ್ಟು ಯಾಕೆ ಅನ್ನುವುದು ಮನೆಯಲ್ಲಿ ನಮಗೆಲ್ಲ ಗೊತ್ತಿತ್ತು. ನಮ್ಮ ಮಾವ ಪಾರ್ಸಲ್ ವ್ಯಾನಿನ ಡ್ರೈವರ್ ಆಗಿದ್ದವರು. ಕುಡಿಯುತ್ತಿದ್ದರು, ಕುಡಿದರೆ ಹೊಡೆಯುತ್ತಿದ್ದರು. ನನ್ನ ಹೆಂಡತಿ ಇನ್ನೂ ಚಿಕ್ಕ ಮಗು ಆಗಿದ್ದಾಗ ಒಂದು ಸಂಜೆ ಅತ್ತೆಯನ್ನು ಹೊಡೆದು, ಬಚ್ಚಿಟ್ಟಿದ್ದ ಕೀಲಿ ಕಿತ್ತುಕೊಂಡು ಹೋದರು. ಸೈಕಲ್ಲಿನಲ್ಲಿ ಮನೆಗೆ ಹೊರಟಿದ್ದ ಬಡಗಿಯೊಬ್ಬನಿಗೆ ಗುದ್ದಿದರು. ಬಡಗಿ ಅಲ್ಲೇ ಹೋದ. ಮಾವ ಜೈಲಿಗೆ ಹೋದರು, ಅಲ್ಲೇ ಕಾಯಿಲೆ ಬಿದ್ದು ತೀರಿಕೊಂಡರು. ಅದಾದ ಮೇಲೆ ಅತ್ತೆ ಹಟಕ್ಕೆ ಬಿದ್ದು ಗಾಡಿ ಕಲಿತರು, ಕಲಿಸಲು ನಿಂತರು. ಇದು ನನ್ನ ಹೆಂಡತಿ ತಾಯಿಯ ಬಾಯಿಂದ ಕೇಳಿ ಬೆಳೆದ ಕಥೆ, ಅವಳು ನನಗೆ ಹೇಳಿದ ಕಥೆ.

ಇನ್ನು ನನ್ನ ಕೆಲಸ. ಶಾಸನಸಭೆಯ ಕಚೇರಿಯಲ್ಲಿ ಸಮಿತಿಗಳ ಸಹಾಯಕ ನಾನು. ಹೆಸರು ದೊಡ್ಡದು, ಕೆಲಸ ಅಂದರೆ ಮೈಕು, ನೀರು, ಕಾಗದ, ಚಹಾ, ಸಾಕ್ಷಿಗಳನ್ನು ಕರೆತಂದು ಕೂರಿಸುವುದು. ಆ ವರ್ಷ ಅಪರಾಧ ಕಾನೂನಿನ ಸಮಿತಿಯ ಮುಂದೆ ಅಮಲಿನಲ್ಲಿ ಗಾಡಿ ಓಡಿಸುವವರ ಮಸೂದೆ ಬಂದಿತ್ತು. ಕುಡಿದವರಿಗೆ ಎಷ್ಟು ಶಿಕ್ಷೆ, ಮಾತ್ರೆ ನುಂಗಿ ತೂಕಡಿಸುವವರಿಗೆ ಏನು, ಪೊಲೀಸರು ಉಸಿರು ಪರೀಕ್ಷೆ ಹೇಗೆ ಮಾಡಬೇಕು, ಎಲ್ಲ ಇತ್ತು ಅದರಲ್ಲಿ. ಜೊತೆಗೆ ಒಂದು ಹೊಸ ಕಲಮು: ಅಮಲಿನಲ್ಲಿದ್ದಾನೆ ಅಂತ ಗೊತ್ತಿದ್ದೂ ಅವನ ಕೈಗೆ ಕೀಲಿ ಕೊಟ್ಟವರಿಗೂ ಜೈಲು. ಬಾರಿನವನಾಗಲಿ, ಯಜಮಾನನಾಗಲಿ, ಮನೆಯವರಾಗಲಿ, ಯಾರಿಗೂ ರಿಯಾಯಿತಿ ಇಲ್ಲ.

ನನಗೆ ಅದು ಭೇಷ್ ಅನ್ನಿಸಿತ್ತು. ಮನೆಯಲ್ಲಿ ಊಟಕ್ಕೆ ಕೂತಾಗ, ನಾನೇ ಬರೆದೆನೇನೋ ಅನ್ನುವ ಹಾಗೆ ಜಂಬದಿಂದ ಹೇಳಿದೆ. ನನ್ನ ಹೆಂಡತಿ "ಸರಿಯಾಗಿದೆ" ಅಂದಳು. ಅತ್ತೆ ಊಟದ ತಟ್ಟೆಯಿಂದ ಕೈ ತೆಗೆದರು.

"ಮನೆಯವರೂನಾ ಅಳಿಯಂದ್ರೇ?"

"ಹೌದು ಅತ್ತೆ. ಕೊಟ್ಟರೆ ಕೊಟ್ಟ ಹಾಗೇ ಅಲ್ವಾ?"

"ನನ್ನ ಹತ್ರ ಒಬ್ಬ ನರ್ಸಮ್ಮ ಕಲೀತಿದಾಳೆ. ಗಂಡ ಕುಡೀತಾನೆ. ದಿನಾ ಸಂಜೆ ಕೀಲಿ ಬಚ್ಚಿಡೋದೇ ಒಂದು ಡ್ಯೂಟಿ ಅವಳಿಗೆ. ಒಂದು ದಿನ ಕೈ ಸೋತು ಕೊಟ್ಟುಬಿಟ್ಟಳು ಅಂತಿಟ್ಕೊಳ್ಳಿ. ಅವಳೂ ಒಳಗೆ ಹೋಗ್ತಾಳಾ? ಮಕ್ಕಳು?"

ಉತ್ತರ ಇಲ್ಲದಾಗ ನಾನು ನೀರು ಕುಡಿಯುತ್ತೇನೆ. ಕುಡಿದೆ.

ಅದಾದ ಕೆಲವೇ ದಿನಕ್ಕೆ ನನ್ನ ಕರ್ಮ ನೋಡಿ, ಅನುಭವಿ ಡ್ರೈವಿಂಗ್ ಶಿಕ್ಷಕರೊಬ್ಬರನ್ನು ಕರೆಸಿ ಅಂತ ಸಮಿತಿ ಹೇಳಿತು. ಡ್ರೈವಿಂಗ್ ಸ್ಕೂಲುಗಳ ಸಂಘದವರು ಒಮ್ಮತದಿಂದ ಕಳಿಸಿದ ಹೆಸರು ಬ್ರೇಕಮ್ಮ. ನಾನು ಅಧ್ಯಕ್ಷರ ಹತ್ತಿರ ಹೋಗಿ, "ಸಾರ್, ಅವರು ನಮ್ಮತ್ತೆ. ಮುಂಚೇನೇ ಹೇಳ್ಬಿಟ್ಟಿದ್ದೀನಿ" ಅಂದೆ. ಅಧ್ಯಕ್ಷರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಾಗಾದ್ರೆ ಆವತ್ತು ನೀರಿನ ಲೋಟ ನೀವು ಮುಟ್ಬೇಡಿ ಕಣ್ರೀ, ಕೈ ನಡುಗಿ ಚೆಲ್ತೀರಿ" ಅಂದರು.

ಅಧ್ಯಕ್ಷರು ಒಳ್ಳೆಯವರು, ಆದರೆ ಕನ್ನಡಕ ಹಾಕಿಕೊಳ್ಳಲು ನಾಚಿಕೆ. ಸಭೆ ಶುರುವಾಗಬೇಕಾದರೆ ಕೋರಂ ಬೇಕು, ಅಂದರೆ ಆರು ಜನ ಸದಸ್ಯರಾದರೂ ಮೇಜಿನ ಸುತ್ತ ಇರಬೇಕು. ಅಧ್ಯಕ್ಷರು ಪೆನ್ಸಿಲ್ ತುದಿಯಿಂದ ತಲೆ ಎಣಿಸಿ, "ಆರಾಯ್ತು, ನಡೀಲಿ" ಅನ್ನುವುದು ರೂಢಿ. ಅವತ್ತು ಸಾಕ್ಷಿಯ ಕುರ್ಚಿಯ ಕೆಳಗೆ ಮೈಕಿನ ತಂತಿ ಕೈಕೊಟ್ಟಿತ್ತು. ಮೈಕಿನವನು ಕುರ್ಚಿ ಪಕ್ಕಕ್ಕೆ ಸರಿಸಿ ಮೇಜಿನಡಿ ತೂರಿಕೊಂಡಿದ್ದ. ನಾನು ಹೊಸ ತಂತಿ ತರಲು ಸ್ಟೋರಿಗೆ ಓಡಿದ್ದೆ. ಆಗ ಒಳಗೆ ಬಂದರು ನಮ್ಮತ್ತೆ. ಇಸ್ತ್ರಿ ಮಾಡಿದ ಬಟ್ಟೆ, ಕಂಕುಳಲ್ಲಿ ದೊಡ್ಡ ಕಪ್ಪು ಚೀಲ. ನಿಂತುಕೊಂಡೇ ಇರಲು ಮಂಡಿ ನೋವು. ಮೇಜಿನ ಸುತ್ತ ಒಂದು ಕುರ್ಚಿ ಖಾಲಿ ಕಂಡಿತು, ಕೂತರು. ಅದು ತಡವಾಗಿ ಬರುವುದರಲ್ಲೇ ಹೆಸರು ಮಾಡಿದ ಸದಸ್ಯರೊಬ್ಬರ ಕುರ್ಚಿ. ಅವರನ್ನು ನಾವೆಲ್ಲ ನಿಧಾನ ಸಾಹೇಬ್ರು ಅಂತ ಕರೆಯುತ್ತೇವೆ, ಅವರೆದುರಿಗಲ್ಲ.

ಪೆನ್ಸಿಲ್ ತುದಿ ಎಲ್ಲರ ಮೇಲೂ ಹಾದುಹೋಯಿತು. "ಆರಾಯ್ತು, ನಡೀಲಿ" ಅಂದರು ಅಧ್ಯಕ್ಷರು.

ನಾನು ತಂತಿ ಹಿಡಿದು ಏದುಸಿರು ಬಿಡುತ್ತಾ ಬರುವಷ್ಟರಲ್ಲಿ ಅತ್ತೆ ಸಾಕ್ಷಿಯ ಕುರ್ಚಿಗೆ ಬಂದು, ಪ್ರಮಾಣ ಮಾಡಿ, ಕ್ಲಚ್ಚು ಗೇರಿನ ವಿಷಯ ಮುಗಿಸಿ ಆಗಿತ್ತು. ಈಗ ಕೀಲಿಯ ಕಲಮಿಗೆ ಬಂದಿದ್ದರು. ತಂತಿಯನ್ನು ಮೇಜಿನಡಿಯಲ್ಲಿದ್ದ ಮೈಕಿನವನ ಕೈಗೆ ದಾಟಿಸಿದೆ. ಗೋಡೆಯ ಪಕ್ಕದ ಬೆಂಚಿನಲ್ಲಿ ಪತ್ರಿಕೆಯವರು ಬರೆದುಕೊಳ್ಳುತ್ತಿದ್ದರು.

"ನಮ್ಮ ಯಜಮಾನ್ರೂ ಕುಡಿದು ಗಾಡಿ ಓಡಿಸಿಯೇ ಒಬ್ಬನ ಜೀವ ತೆಗೆದಿದ್ದು" ಅಂದರು ಅತ್ತೆ. "ಆವತ್ತು ನನ್ನನ್ನ ಹೊಡೆದರು. ತಡೆಯಕ್ಕಾಗಲಿಲ್ಲ, ಕೀಲಿ ಕೊಟ್ಟೆ. ನಿಮ್ಮ ಈ ಕಾನೂನು ಆವಾಗ ಇದ್ದಿದ್ರೆ ನಾನೂ ಜೈಲಿಗೆ ಹೋಗ್ತಿದ್ದೆ. ನನ್ನ ಮಗಳು ಬೀದಿ ಪಾಲಾಗ್ತಿದ್ದಳು."

ಆ ಕಲಮನ್ನು ಹಟ ಹಿಡಿದು ಸೇರಿಸಿದವರು ವಕೀಲಿಕೆ ಮಾಡಿ ಬಂದ ಸದಸ್ಯೆ; ಎಲ್ಲರೂ ವಕೀಲಮ್ಮ ಅಂತಲೇ ಕರೆಯುವುದು. ಕೀಲಿ ಕೊಟ್ಟು ಕೈ ತೊಳೆದುಕೊಳ್ಳುವವರನ್ನು ಕೋರ್ಟಿನಲ್ಲಿ ನೋಡಿ ನೋಡಿ ಅವರಿಗೆ ರೋಸಿಹೋಗಿತ್ತು. ಅಂಥವರೂ ಪೆನ್ನು ಕೆಳಗಿಟ್ಟರು. "ಹೊಡೆತಕ್ಕೋ ಬೆದರಿಕೆಗೋ ಸಿಕ್ಕಿ ಕೊಟ್ಟವರಿಗೆ ವಿನಾಯಿತಿ ಅಂತ ಸೇರಿಸೋಣ. ನನ್ನ ಅಡ್ಡಿ ಇಲ್ಲ" ಅಂದರು. ಉಳಿದವರು ತಲೆಯಾಡಿಸಿದರು. ನನಗೆ ಎದೆ ಉಬ್ಬಿತು. ಗೆದ್ದೇಬಿಟ್ಟರಲ್ಲ ನಮ್ಮತ್ತೆ!

ಆಗ ಬಾಗಿಲು ತೆರೆದು ನಿಧಾನ ಸಾಹೇಬ್ರು ಬಂದರು. ತಮ್ಮ ಜಾಗಕ್ಕೆ ಹೋದವರು ಅಲ್ಲೇ ನಿಂತರು.

"ಇದ್ಯಾರದ್ರೀ ಚೀಲ, ನನ್ನ ಕುರ್ಚಿ ಮೇಲೆ?"

"ನಂದು ಕಣಪ್ಪ, ಕೊಡು ಇಲ್ಲಿ" ಅಂದರು ಅತ್ತೆ. "ಖಾಲಿ ಇತ್ತು ಅಂತ ಕೂತಿದ್ದೆ. ಇವರು ಪೆನ್ಸಿಲ್ ತೋರಿಸಿದಾಗ ಎದ್ದೇಳು ಅಂತಾರೇನೋ ಅಂದ್ಕೊಂಡೆ. ಏನೂ ಅನ್ನಲಿಲ್ಲ."

ಅಧ್ಯಕ್ಷರ ಮುಖ ಬಿಳಿಚಿಕೊಂಡಿತು. ವಕೀಲಮ್ಮ ನಿಧಾನವಾಗಿ ಮೇಜಿನ ಸುತ್ತ ಕಣ್ಣಾಡಿಸಿದರು. "ಅಧ್ಯಕ್ಷರೇ, ಆರನೇ ತಲೆ ಸಾಕ್ಷೀದಾ?" ಅಂದರು. ಮೇಜಿನಡಿಯಿಂದ ಮೈಕಿನವನು ಕಿಸಕ್ಕನೆ ನಕ್ಕದ್ದು ಹೊಸ ತಂತಿಯ ಮೂಲಕ ಇಡೀ ಕೋಣೆಗೆ ಕೇಳಿಸಿತು.

ಅಧ್ಯಕ್ಷರು ಪಾಪ, ಮುಚ್ಚಿಹಾಕಲು ನೋಡಿದರು. ಸಾಹೇಬ್ರು ಮೊದಲಿಂದ ಇದ್ದರು ಅಂತ ಇಟ್ಟುಕೊಳ್ಳೋಣ ಅಂದರು. ವಕೀಲಮ್ಮ ಜಪ್ಪಯ್ಯ ಅನ್ನಲಿಲ್ಲ. ಕೋರಂ ಇಲ್ಲದೆ ನಡೆದದ್ದು ಸಭೆಯೇ ಅಲ್ಲ, ಅದರಲ್ಲಿ ಆಡಿದ ಒಂದು ಮಾತೂ ದಾಖಲೆಗೆ ಹೋಗುವ ಹಾಗಿಲ್ಲ, ಇವತ್ತು ಹಾಗೆ ದಾಟಿಸಿದರೆ ನಾಳೆ ಕೋರ್ಟಿನಲ್ಲಿ ಇಡೀ ಕಾನೂನೇ ಬಿದ್ದುಹೋಗುತ್ತದೆ ಅಂದರು. ನಿಜವೇ. ಅಧ್ಯಕ್ಷರು ಅತ್ತೆಯ ಕಡೆ ತಿರುಗಿ ಕೈ ಮುಗಿದರು.

"ಅಮ್ಮ, ನನ್ನಿಂದ ತಪ್ಪಾಯ್ತು. ಅದೇ ನೋವನ್ನ ಮತ್ತೆ ಹೇಳಿ ಅನ್ನೋಕೆ ನನಗೆ ಬಾಯಿ ಬರ್ತಿಲ್ಲ. ನೀವು ಗಾಡಿ ಕಲಿಸೋ ವಿಷಯ ಮಾತ್ರ ಇನ್ನೊಂದ್ಸಲ ಹೇಳಿ ಸಾಕು. ವಿನಾಯಿತಿ ನಾವು ಹೇಗೂ ಸೇರಿಸ್ತೀವಿ."

ಅತ್ತೆ ಮೈಕನ್ನು ತಮ್ಮ ಕಡೆ ತಿರುಗಿಸಿಕೊಂಡರು. "ಹಾಗಾದ್ರೆ ನಾನು ಇಲ್ಲೀವರೆಗೆ ಹೇಳಿದ್ದು, ಹೇಳಿದ ಹಾಗಲ್ವಾ?"

"ಕಾಗದದ ಮಟ್ಟಿಗೆ ಇಲ್ಲಮ್ಮ."

"ಒಳ್ಳೇದೇ ಆಯ್ತು ಬಿಡಿ" ಅಂದರು ಅತ್ತೆ. "ಮತ್ತೆ ಪ್ರಮಾಣ ಮಾಡಿಸಿ."

ನಾನೇ ಪ್ರಮಾಣದ ಕಾರ್ಡು ಹಿಡಿದುಕೊಂಡು ಹೋದೆ. ಆಕೆ ಓದಿ ಮುಗಿಸಿ, ಕಾರ್ಡು ವಾಪಸು ಕೊಟ್ಟು, ನನ್ನ ಮುಖ ನೋಡಿದರು. "ಅಳಿಯಂದ್ರೇ, ನೀವು ಕೂತ್ಕೊಳ್ಳಿ" ಅಂದರು. ನಾನು ಯಾಕೆ ಅಂತ ಕೇಳದೆ ಗೋಡೆ ಪಕ್ಕ ಕೂತೆ.

"ಮೊದಲನೇ ಸಲ ನಾನು ಸುಳ್ಳು ಹೇಳಿದೆ" ಅಂದರು. "ಆವತ್ತು ನನ್ನ ಯಜಮಾನ್ರು ನನ್ನನ್ನ ಹೊಡೀಲಿಲ್ಲ. ಬೇರೆ ದಿನ ಹೊಡೆದಿದಾರೆ, ತುಂಬಾ ಹೊಡೆದಿದಾರೆ. ಆವತ್ತು ಹೊಡೀಲಿಲ್ಲ. ಕೀಲಿ ಕೊಡೇ ಅಂದ್ರು, ನಕ್ಕೊಂಡೇ ಕೇಳಿದ್ರು. ಕುಡಿದಿದಾರೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಹಿಟ್ಟಿನ ಡಬ್ಬದಿಂದ ತೆಗೆದು ನಾನೇ ಕೈಯಾರೆ ಕೊಟ್ಟೆ. ಮನೇಲಿ ಒಂದು ಸಂಜೆ ನೆಮ್ಮದಿಯಾಗಿರ್ಲಿ, ಹೊರಗೆ ಹೋಗ್ಲಿ ಸಾಕಪ್ಪ ಅನ್ನಿಸಿತ್ತು. ಅಷ್ಟೇ. ಆ ಬಡಗಿಯನ್ನ ಕೊಂದಿದ್ದರಲ್ಲಿ ನನ್ನ ಪಾಲೂ ಇದೆ. ಪೊಲೀಸರ ಹತ್ರ ಹೊಡೆದು ಕಿತ್ಕೊಂಡ್ರು ಅಂದೆ. ಎಲ್ಲರಿಗೂ ಹಾಗೇ ಹೇಳ್ತಾ ಬಂದೆ."

ಅಯ್ಯೋ ಮಾರಾಯ್ತಿ, ಗೆದ್ದ ಆಟವನ್ನು ಯಾಕೆ ಕೆಡಿಸುತ್ತಿದ್ದೀರಿ ಅಂತ ಕೂಗಬೇಕು ಅನ್ನಿಸಿತು. ವಕೀಲಮ್ಮ ಮುಂದಕ್ಕೆ ಬಾಗಿದರು.

"ಅಮ್ಮ, ಹಾಗಾದ್ರೆ ನಾವು ಬರೆಯೋಕೆ ಹೊರಟಿರೋ ವಿನಾಯಿತಿ ನಿಮಗೇ ಸಿಗಲ್ಲ. ಗೊತ್ತಾಯ್ತಾ?"

"ಗೊತ್ತಾಗಿದ್ದಕ್ಕೇ ಹೇಳ್ತಿದೀನಿ. ಹೊಡೆದ್ರೆ ಮಾತ್ರ ಬಿಡ್ತೀವಿ ಅಂತ ಬರೆದ್ರೆ ಎಲ್ಲರೂ ಹೊಡೆದ ಅಂತಾರೆ, ನಾನಂದ ಹಾಗೆ. ಆಮೇಲೆ ನಿಜವಾಗಿ ಏಟು ತಿಂದೋಳ ಮಾತೂ ನೀವು ನಂಬಲ್ಲ. ಆವತ್ತು ನನಗೆ ಭಯ ಇರಲಿಲ್ಲಮ್ಮ, ಸುಸ್ತಾಗಿತ್ತು. ದಿನಾ ಕೀಲಿ ಕಾಯೋದು ಅಂದ್ರೆ ಏನು ಅಂತ ಕಾದೋರಿಗೇ ಗೊತ್ತು. ಎಲ್ಲಾದ್ರೂ ತಗೊಂಡ್ ಹೋಗಿ ಇಟ್ಟು ಬರೋಣ ಅಂದ್ರೆ ಒಂದು ಜಾಗ ಇರಲಿಲ್ಲ. ಪೊಲೀಸ್ ಠಾಣೆಗೆ ಹೋದ್ರೆ ಏನು ಕೇಸು, ಯಾರ ಮೇಲೆ ಕೇಸು, ಅದು ಇದು. ನನಗೆ ಕೇಸು ಬೇಕಿರಲಿಲ್ಲ. ಕೀಲಿ ಬೆಳಿಗ್ಗೆವರೆಗೆ ಬೇರೆಯವರ ಕೈಯಲ್ಲಿ ಇದ್ದಿದ್ರೆ ಸಾಕಿತ್ತು. ಬಡಗಿ ಮನೆಗೆ ಹೋಗ್ತಿದ್ದ."

ಕೊನೆಗೆ ಅತ್ತೆಯೇ ಕೇಳಿದರು, "ಮೊದಲು ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ ನನಗೇನು ಶಿಕ್ಷೆ?"

ವಕೀಲಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. "ಆ ಸಭೆ ನಡೆದೇ ಇಲ್ಲಮ್ಮ. ಹಾಗಾಗಿ ಆ ಸುಳ್ಳೂ ಇಲ್ಲ" ಅಂದರು.

ಮಧ್ಯಾಹ್ನ ಆ ಕಲಮನ್ನು ಒಡೆದು ಹೊಸದಾಗಿ ಬರೆದವರು ವಕೀಲಮ್ಮನೇ. ಬಾರಿನವರು, ಗಾಡಿ ಯಜಮಾನರು, ಗೆಳೆಯರು ಅವರಿಗೆಲ್ಲ ಜೈಲು ಹಾಗೇ ಉಳಿಯಿತು. ಒಂದೇ ಸೂರಿನಡಿ ಬದುಕುವವರನ್ನು ಅದರಿಂದ ತೆಗೆದರು. ಮನೆಯವರು ಯಾರೇ ಕೀಲಿ ತಂದುಕೊಟ್ಟರೂ ಠಾಣೆಯವರು, ಅಗ್ನಿಶಾಮಕದವರು ಕೇಸಿಲ್ಲದೆ, ಪ್ರಶ್ನೆಯಿಲ್ಲದೆ ಬೆಳಗಿನವರೆಗೆ ಇಟ್ಟುಕೊಳ್ಳಬೇಕು, ಫೋನು ಮಾಡಿದರೆ ಬಂದು ಒಯ್ಯಬೇಕು ಅಂತ ಸೇರಿಸಿದರು. ನಿಧಾನ ಸಾಹೇಬ್ರು ಮಾತ್ರ ವಿರುದ್ಧ ಕೈ ಎತ್ತಿದರು. ಠಾಣೆಗಳು ಕೀಲಿ ಅಂಗಡಿ ಆಗುತ್ತವೆ ಅನ್ನುವುದು ಅವರ ವಾದ. ಉಳಿದವರೆಲ್ಲ ಒಪ್ಪಿದರು. ನರ್ಸಮ್ಮನಂಥವರು ಇನ್ನು ಒಳಗೆ ಹೋಗುವ ಹಾಗಿಲ್ಲ.

ಸಂಜೆ ಅತ್ತೆಯನ್ನು ನನ್ನ ಕಾರಿನಲ್ಲೇ ಕರೆದುಕೊಂಡು ಹೊರಟೆ. ದಾರಿಯುದ್ದಕ್ಕೂ ಆಕೆಯ ಕಾಲು ಅಲುಗಾಡಲಿಲ್ಲ. ಒಂದು ತಿರುವಿನಲ್ಲಿ ಬೇಕೆಂದೇ ಸ್ವಲ್ಪ ಜೋರಾಗಿ ಹೋದೆ, ಆಗಲೂ ಇಲ್ಲ. ನನಗೆ ದಿಗಿಲಾಯಿತು. ದಾರಿಯಲ್ಲಿ ಆಡಿದ್ದು ಒಂದೇ ಮಾತು: "ನಾಳೆ ಪೇಪರಿನಲ್ಲಿ ಬರುತ್ತೆ. ಮಗಳು ಅದರಲ್ಲಿ ಓದೋದು ಬೇಡ. ನನ್ನ ಬಾಯಿಂದಲೇ ಕೇಳ್ಲಿ."

ನಿಜ ಹೇಳಬೇಕೆಂದರೆ ಸಮಿತಿಯ ಮುಂದೆ ಆಕೆ ಆಡಿದ್ದಕ್ಕಿಂತ ನನಗೆ ಈ ಮಾತೇ ದೊಡ್ಡದಾಗಿ ಕಂಡಿತು. ಸದಸ್ಯರು ನಾಳೆ ಬೇರೆ ಮಸೂದೆ ನೋಡುತ್ತಾರೆ. ಮಗಳ ಜೊತೆ ದಿನ ಬೆಳಗಾದರೆ ಬದುಕಬೇಕು. ಮುದುಕಿಯಾದ ಮೇಲೆ ಮಗಳ ಕಣ್ಣಲ್ಲಿ ಸಣ್ಣವಳಾಗುವುದಕ್ಕೆ ಯಾರು ತಾನೇ ಎದ್ದು ಹೋಗುತ್ತಾರೆ? ಮೊದಲಿನ ಸುಳ್ಳನ್ನೇ ಉಳಿಸಿಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ದೊಡ್ಡ ಮನುಷ್ಯರು ಅಂದರೆ ನನ್ನ ಲೆಕ್ಕದಲ್ಲಿ ಈಕೆಯೇ, ಇನ್ನೂ ಹುಬ್ಬೇರಿಸುವವರು ಏರಿಸಿಕೊಳ್ಳಲಿ.

ನನ್ನ ಹೆಂಡತಿ ಆಗಷ್ಟೇ ಕೆಲಸದಿಂದ ಬಂದು ಅಡುಗೆಮನೆಯಲ್ಲಿ ಚಹಾಕ್ಕೆ ನೀರಿಟ್ಟಿದ್ದಳು. ಅತ್ತೆ ಚೀಲವನ್ನೂ ಇಳಿಸದೆ, ಬಾಗಿಲ ಹತ್ತಿರದ ಸ್ಟೂಲಿನಲ್ಲಿ ಕೂತು, ಎಲ್ಲವನ್ನೂ ಹೇಳಿದರು. ಸಮಿತಿಯಲ್ಲಿ ಹೇಳಿದ ಹಾಗೆಯೇ, ಒಂದು ಮಾತೂ ಹೆಚ್ಚಿಲ್ಲ, ಕಡಿಮೆಯಿಲ್ಲ. ನನ್ನ ಹೆಂಡತಿ ಒಲೆ ಆರಿಸಿದಳು. ನಮ್ಮ ಮದುವೆಯಾದಾಗಿನಿಂದ ಅವಳು ತನ್ನ ತಂದೆಯನ್ನು 'ಆ ಮನುಷ್ಯ' ಅಂತ ಬಿಟ್ಟರೆ ಬೇರೆ ಹೆಸರಿನಿಂದ ಕರೆದದ್ದನ್ನು ನಾನು ಕೇಳಿಲ್ಲ. ಮನೆಯಲ್ಲಿ ಅವರದೊಂದು ಫೋಟೋ ಇಡಲು ಬಿಟ್ಟವಳಲ್ಲ.

"ಆವತ್ತು ಹೊಡೀಲಿಲ್ವಾ?" ಅಂದಳು.

"ಇಲ್ಲ."

"ಇಷ್ಟು ವರ್ಷ ಹೊಡೆದು ಹೋದ ಅಂತ ಹೇಳಿದ್ಯಲ್ಲಮ್ಮ. ಕೊನೇ ಸಲ ಮನೆಯಿಂದ ಹೊರಟಾಗಲೂ ಹೊಡೆದೇ ಹೋದ ಅಂತ."

"ಹೇಳಿದ್ದೆ. ಸುಳ್ಳು."

ಅವಳಿಗೆ ಸಿಟ್ಟು ಬಂತು. ಬರಲೇಬೇಕಾದ ಸಿಟ್ಟು. ಕೈಯಲ್ಲಿದ್ದ ಲೋಟವನ್ನು ಕುಕ್ಕಿದಳು. "ಯಾಕಮ್ಮ? ಪೊಲೀಸರಿಗೆ ಹೇಳಿದ್ದು ಸರಿ, ಹೆದರಿಕೆ. ನನಗ್ಯಾಕೆ?"

ಅತ್ತೆ ತಲೆ ತಗ್ಗಿಸಲಿಲ್ಲ. "ನಿನಗೆ ಇದ್ದೋರೇ ಇಬ್ಬರು. ಒಬ್ಬರಾದ್ರೂ ಒಳ್ಳೆಯವರಾಗಿ ಇರ್ಲಿ ಅಂತ" ಅಂದರು.

ನನ್ನ ಹೆಂಡತಿ ಕಿಟಕಿಯ ಕಡೆ ತಿರುಗಿ ನಿಂತಳು. ಅತ್ತೆ ಎದ್ದು ಹೋಗಲಿಲ್ಲ, ಅವಳನ್ನು ಸಮಾಧಾನ ಮಾಡಲೂ ಇಲ್ಲ. ಬೈಯುವುದಿದ್ದರೆ ಬೈಯಲಿ ಅಂತ ಕಾದು ಕೂತಿದ್ದರು. ಕೊನೆಗೆ ಅವಳು ಈ ಕಡೆ ತಿರುಗದೆಯೇ ಕೇಳಿದಳು, "ಹೋಗುವಾಗ ಏನಾದ್ರೂ ಅಂದ್ರಾ?"

"ಮಗು ಊಟ ಮಾಡ್ತಾ ಅಂದ್ರು. ಮಾಡ್ತು ಅಂದೆ. ನೀನು ಮಲಗಿದ್ದೆ. ಬಗ್ಗಿ ನಿನ್ನ ಕೆನ್ನೆ ಮುಟ್ಟಿ ಹೋದ್ರು."

ಅವಳು ಬಂದು ಅತ್ತೆಯ ಕಾಲ ಬಳಿ ನೆಲದ ಮೇಲೆ ಕೂತಳು. ಚೀಲವನ್ನು ಆಕೆಯ ಮಡಿಲಿಂದ ತೆಗೆದು ಪಕ್ಕಕ್ಕಿಟ್ಟಳು.

"ಇನ್ನೊಂದ್ಸಲ ಹೇಳಮ್ಮ" ಅಂದಳು. "ಅಪ್ಪ ಏನಂದ್ರು?"